ಬಿಡಾರದ ಬಾಗಿಲಲ್ಲಿ ಕೇಳುವ ಹೆಸರು

ಕಳೆದ ಬೇಸಿಗೆಯಲ್ಲಿ ನನಗೊಂದು ಕಾಗದ ಬಂದಿತು. ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ಔರಾದ ತಾಲೂಕಿನ ಹಳ್ಳಿಯವಳು. ಈಗ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಮಗಳನ್ನು ನೋಡಲು ತಂದೆ ತಾಯಿ ಅಲ್ಲಿಗೆ ಹೋಗಿದ್ದರು. ಅಷ್ಟು ದೂರ ಹೋದ ಮೇಲೆ ಲಂಡನ್ನಿನಲ್ಲಿರುವ ಬಸವಣ್ಣನ ಮೂರ್ತಿಯನ್ನು ಕಾಣದೆ ಹಿಂದಿರುಗುವುದುಂಟೆ ಎಂದು ತಂದೆಯವರು ಹಟ ಹಿಡಿದರಂತೆ. ಥೇಮ್ಸ್ ನದಿಯ ದಂಡೆಯ ಮೇಲೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಮೂರ್ತಿ ಅದು. ಅದಕ್ಕಾಗಿ ಮೂರು ರಾತ್ರಿ ಲಂಡನ್ನಿನಲ್ಲಿ ತಂಗಬೇಕು. ದೊಡ್ಡ ಹೋಟೆಲಿನ ಬಾಡಿಗೆ ಕೈಗೆ ನಿಲುಕುವಂಥದಲ್ಲ. ಹೀಗಾಗಿ ಆಕೆ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಎಂದು ಆ ದೇಶದವರು ಕರೆಯುವ ಮನೆಯೊಂದನ್ನು ಹುಡುಕತೊಡಗಿದಳು.

ಹೆಸರೇ ಹೇಳುವಂತೆ ಅಲ್ಲಿ ಸಿಗುವುದು ರಾತ್ರಿಗೊಂದು ಹಾಸಿಗೆ, ಬೆಳಿಗ್ಗೆ ಒಂದು ಉಪಾಹಾರ. ಬಹುಮಟ್ಟಿಗೆ ಅದು ಒಂದು ಸಂಸಾರ ವಾಸಿಸುವ ಮನೆಯೇ. ಮೇಲಿನ ಎರಡು ಮೂರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟು, ಕೆಳಗೆ ಮನೆಯವರು ಇರುತ್ತಾರೆ. ಮನೆಯೊಡತಿಯೇ ಹಾಸಿಗೆ ಹಾಸುವಳು, ಆಕೆಯೇ ಬೆಳಗಿನ ತಿಂಡಿ ಬೇಯಿಸುವಳು. ಆರಿಸುವುದು ಸುಲಭವಲ್ಲವೆಂದು ಆಕೆ ಬರೆದಿದ್ದಳು. ರೈಲು ನಿಲ್ದಾಣಕ್ಕೆ ಹತ್ತಿರವಿದ್ದ ಮನೆಯ ಏಣಿಮೆಟ್ಟಿಲು ಕಡಿದು. ತಾಯಿಯ ಮೊಣಕಾಲಿಗೆ ಆಗದು. ಮೆಟ್ಟಿಲಿಲ್ಲದ ಇನ್ನೊಂದು ಮನೆಯಲ್ಲಿ ಬಚ್ಚಲು ಮೂರು ಕೋಣೆಗಳಿಗೆ ಒಂದೇ. ಮತ್ತೊಂದು ಮನೆ ಎಲ್ಲ ವಿಧದಲ್ಲೂ ಸರಿ, ಆದರೆ ಬೆಳಗಿನ ತಿಂಡಿಯೆಂದರೆ ಮೊಟ್ಟೆ ಮತ್ತು ಹಂದಿಯ ಮಾಂಸ. ಅದನ್ನು ಬೇಯಿಸಿದ ಬಾಣಲೆಯಲ್ಲೇ ತಮ್ಮ ರೊಟ್ಟಿ ಕಾಯಿಸಿದರೆ ಹೇಗೆ ಎಂಬುದು ತಂದೆಯವರ ಚಿಂತೆ. ಕೊನೆಯಲ್ಲಿ, "ಸರ್, ಹಿಂದಿನವರು ಪರವೂರಿಗೆ ಹೋದಾಗ ಎಲ್ಲಿ ಇಳಿಯುತ್ತಿದ್ದರು? ನಮ್ಮ ಬೀದರಿಗೆ ಬಂದವರಿಗೆ ಯಾರು ಹಾಸಿಗೆ ಹಾಕುತ್ತಿದ್ದರು?" ಎಂದು ಕೇಳಿದ್ದಳು. ಆಕೆಗೆ ಬರೆದ ಉತ್ತರವನ್ನೇ ಕೊಂಚ ಹಿಗ್ಗಿಸಿ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಪದದ ಮಾತು. ಪಂಡಿತರ ಗುಂಪಿನಲ್ಲಿ ಕಲಿತವನಿಗೆ ಇದು ಬಿಡದ ಚಾಳಿ. ಬೀದರ ಎಂಬ ಹೆಸರು 'ಬಿಡಾರ'ದಿಂದ ಬಂದಿತೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಕಿವಿಗೆ ಹಿತವಾಗಿದೆ, ಆದರೆ ಒಪ್ಪಲಾರೆ. ಬಿದಿರಿನಿಂದ ಬೀದರವಾಯಿತೆಂಬುದೇ ರೂಢಿಯ ಮಾತು. ಬಿಡಾರವೆಂಬುದು ಬಿಡು, ಬೀಡು ಎಂಬ ಪದಗಳ ಬಳಗಕ್ಕೆ ಸೇರಿದ್ದು. ಇನ್ನು 'ವಸತಿ' ಎಂಬ ಸಂಸ್ಕೃತ ಪದ ತದ್ಭವವಾಗಿ ಜೈನರ 'ಬಸದಿ'ಯಾಯಿತು. ನಮ್ಮ ಹಳ್ಳಿಗರ ಬಾಯಲ್ಲಿ 'ವಸ್ತಿ'ಯಾಯಿತು. ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸನ್ನು ನಮ್ಮ ಕಡೆ ವಸ್ತಿ ಬಸ್ಸೆಂದೇ ಕರೆಯುತ್ತಾರೆ. ದೇವರ ಮನೆಗೂ ಡ್ರೈವರನ ರಾತ್ರಿಯ ನಿದ್ದೆಗೂ ಒಂದೇ ಪದ ಸಾಕಾದದ್ದು ನನಗೆ ಬಹಳ ಮೆಚ್ಚು.

ಬೀದರಿಗೆ ಬಂದಿಳಿದ ಪರದೇಶಿಗಳಲ್ಲಿ ತನ್ನ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವನು ರಷ್ಯಾದ ಅಫನಾಸಿ ನಿಕಿತಿನ್. ವೋಲ್ಗಾ ದಂಡೆಯ ತ್ವೇರ್ ನಗರದ ವರ್ತಕ. 1470ರ ಆಸುಪಾಸಿನಲ್ಲಿ, ಒಂದು ಕುದುರೆಯನ್ನು ಬಂಡವಾಳ ಮಾಡಿಕೊಂಡು ಚೌಲ್ ಬಂದರಿನಲ್ಲಿ ಇಳಿದು, ಜುನ್ನಾರ್ ಮಾರ್ಗವಾಗಿ ಬಹಮನಿಗಳ ರಾಜಧಾನಿಯಾಗಿದ್ದ ಬೀದರಿಗೆ ಬಂದ. ಜುನ್ನಾರಿನ ಮಾತು ಬರುವಲ್ಲಿ ಅವನು ಒಂದು ಸಂಗತಿಯನ್ನು ಹೇಳುತ್ತಾನೆ: ಈ ದೇಶದಲ್ಲಿ ಪರದೇಶದ ವರ್ತಕರು ತಂಗುಮನೆಗಳಲ್ಲಿ ಇಳಿಯುತ್ತಾರೆ, ಅಲ್ಲಿ ಮನೆಯೊಡತಿಯೇ ಅಡುಗೆ ಮಾಡುತ್ತಾಳೆ, ಆಕೆಯೇ ಹಾಸಿಗೆ ಹಾಸುತ್ತಾಳೆ. ನನ್ನ ವಿದ್ಯಾರ್ಥಿನಿ ಹುಡುಕುತ್ತಿದ್ದ ಮನೆ ಇದೇ ಅಲ್ಲವೆ? ಆ ಮನೆಯೊಡತಿಯರ ವಿಷಯದಲ್ಲಿ ನಿಕಿತಿನ್ ಇನ್ನೂ ಕೆಲವು ಮಾತುಗಳನ್ನಾಡಿದ್ದಾನೆ. ಒಬ್ಬ ಒಂಟಿ ವರ್ತಕ ಕಂಡದ್ದನ್ನೋ ಕೇಳಿದ್ದನ್ನೋ ಇಡೀ ದೇಶದ ನಡತೆಯೆಂದು ನಾವು ಓದಬೇಕಾದುದಿಲ್ಲ.

ಆದರೆ ಹಾಸಿಗೆ ಅಡುಗೆಗಳಿಗಿಂತ ನಿಕಿತಿನ್ನನಿಗೆ ದೊಡ್ಡ ತೊಡಕಾದದ್ದು ಅವನ ಹೆಸರು. ಜುನ್ನಾರಿನ ಅಧಿಕಾರಿ ಅಸದ್ ಖಾನನು ಇವನು ಮುಸಲ್ಮಾನನಲ್ಲವೆಂದು ತಿಳಿದು ಕುದುರೆಯನ್ನು ಕಸಿದುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ನಾಣ್ಯ ಕೊಡುವೆನೆಂದ. ಖುರಾಸಾನದ ಒಬ್ಬ ಹಿರಿಯ ನಡುವೆ ಬಂದು ಹೇಳಿದ್ದರಿಂದ ಕುದುರೆ ಹಿಂದಕ್ಕೆ ಬಂದಿತು, ಮತವೂ ಉಳಿಯಿತು. ದಾರಿಯುದ್ದಕ್ಕೂ ಅವನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರು ಹೇಳಿಕೊಂಡೇ ಓಡಾಡಿದ್ದ. ಬೀದರಿನಲ್ಲಿ ಹಲವು ತಿಂಗಳು ಕಳೆದು, ಇಲ್ಲಿನ ಹಿಂದೂಗಳ ಪರಿಚಯವಾದ ಮೇಲೆ ಅವರಿಗೆ ನಿಜ ಹೇಳಿದ: ನಾನು ಮುಸಲ್ಮಾನನಲ್ಲ, ಕ್ರೈಸ್ತ, ನನ್ನ ಹೆಸರು ಅಫನಾಸಿ. ಅಂದಿನಿಂದ ಅವರು ತಮ್ಮ ಊಟವನ್ನಾಗಲಿ ವ್ಯಾಪಾರವನ್ನಾಗಲಿ ಹೆಂಡಿರು ಮಕ್ಕಳನ್ನಾಗಲಿ ತನ್ನಿಂದ ಮರೆಮಾಡಲಿಲ್ಲವೆಂದು ಬರೆಯುತ್ತಾನೆ. ಅವರ ಜೊತೆಗೇ ಶ್ರೀಶೈಲದ ಯಾತ್ರೆಗೂ ಹೋಗಿಬಂದ. ಹಾಗೆಂದು ಅವರು ಅವನನ್ನು ಪಂಕ್ತಿಯಲ್ಲಿ ಕೂಡಿಸಿಕೊಂಡರೆಂದು ತಿಳಿಯಬೇಡಿ. ಇಲ್ಲಿ ಒಂದು ಜನ ಇನ್ನೊಂದು ಜನದೊಡನೆ ಉಣ್ಣುವುದಿಲ್ಲವೆಂಬುದನ್ನೂ ಅವನೇ ಬರೆದಿದ್ದಾನೆ. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ಹೋಗುವವರ ಬರುವವರ ಹೆಸರು ಬರೆದುಕೊಳ್ಳುವ ನೂರು ಕರಣಿಕರು ಎಂಬ ಅವನ ವರ್ಣನೆ ಹೆಸರುವಾಸಿಯಾದದ್ದು. ಹೆಸರಿನ ಭಯದಲ್ಲೇ ಬಾಳಿದವನ ಕಣ್ಣಿಗೆ ಆ ಕರಣಿಕರು ಬಿದ್ದದ್ದು ಸಹಜವೇ. ಪಾಪ, ಅವನು ತನ್ನ ಊರನ್ನು ಮತ್ತೆ ಕಾಣಲಿಲ್ಲ. ತ್ವೇರ್ ಮುಟ್ಟುವ ಮೊದಲೇ, ಸ್ಮೊಲೆನ್ಸ್ಕ್ ಬಳಿ ತೀರಿಕೊಂಡ.

ನಿಕಿತಿನ್ ತನ್ನ ಬರಹದಲ್ಲಿ ಮತ್ತೆ ಮತ್ತೆ ಹೆಸರಿಸುವ 'ಮಲಿಕ್-ಉತ್-ತುಜ್ಜಾರ್', ಎಂದರೆ ವರ್ತಕರ ಒಡೆಯ, ಬೇರಾರೂ ಅಲ್ಲ, ಮಹಮೂದ್ ಗವಾನ್. ಅವನೂ ಹೊರಗಿನಿಂದ ಬಂದವನೇ. ಇರಾನಿನ ಗೀಲಾನ್ ಸೀಮೆಯಿಂದ 1453ರಲ್ಲಿ ದಾಭೋಲ್ ಬಂದರಿಗೆ ಬಂದು, ಬೀದರಿನ ಸಂತನೊಬ್ಬನನ್ನು ಕಾಣುವ ನೆಪದಲ್ಲಿ ಇಲ್ಲಿಗೆ ಬಂದ ವರ್ತಕ ಇಲ್ಲಿಯೇ ಉಳಿದು ಪ್ರಧಾನಮಂತ್ರಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಪರವೂರಿನ ಮಕ್ಕಳಿಗೆ ಬಿಡಾರವೂ ಹೌದು. ಮೂರು ಅಂತಸ್ತು, ಓದುವ ಸಭಾಂಗಣ, ಪುಸ್ತಕ ಭಂಡಾರ, ಮಸೀದಿಗಳ ಜೊತೆಗೆ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ವಾಸದ ಕೋಣೆಗಳು. 17ನೆಯ ಶತಮಾನದ ಕೊನೆಗೆ ಸಿಡಿಮದ್ದು ಸಿಡಿದು ಒಂದು ಪಕ್ಕವೇ ಉರುಳಿಹೋಯಿತು. ಉಳಿದ ಗೋಡೆಯ ಮೆರುಗು ಹಂಚುಗಳನ್ನು ನೋಡಲು ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಆ ಸಣ್ಣ ಕೋಣೆಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಮಕ್ಕಳಿಗೆ ಗೋಪುರದ ಮೇಲೇ ಕಣ್ಣು.

ಮೊಗಲರ ಕಾಲದ ಸರಾಯಿಗಳ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಸುತ್ತ ಗೋಡೆ, ಸಂಜೆಗೆ ಮುಚ್ಚುವ ದೊಡ್ಡ ಬಾಗಿಲು. ಅಡುಗೆಗೂ ಮಂಚಕ್ಕೂ ಭಟಿಯಾರರೆಂಬವರು, ಅದರಲ್ಲೂ ಅವರ ಹೆಂಗಸರು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಕಾವಲುಗಾರ ಮೂರು ಸಲ ಕೂಗಿ, ಎಲ್ಲರೂ ತಮ್ಮ ತಮ್ಮ ಸಾಮಾನು ನೋಡಿಕೊಳ್ಳಿರೆಂದು ಎಚ್ಚರಿಸುತ್ತಿದ್ದನೆಂದು ಇಟಲಿಯ ಮನುಚ್ಚಿ ಬರೆದಿದ್ದಾನೆ. ಈಗಿನ ಲಾಡ್ಜುಗಳಲ್ಲಿ ಇದೇ ಮಾತನ್ನು ಹಲಗೆಯ ಮೇಲೆ ಬರೆದು ತೂಗುಹಾಕಿರುತ್ತಾರೆ.

ಇವೆಲ್ಲ ವರ್ತಕರ, ಅಧಿಕಾರಿಗಳ ಬಿಡಾರ. ಕಾಸಿಲ್ಲದವನ ಗತಿಯೇನು? ಅವನಿಗೆ ನಮ್ಮ ಸೀಮೆಯಲ್ಲಿದ್ದುದು ಮಠದ ದಾಸೋಹ. ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ಬಂದ ಪದ್ಧತಿಯದು. ಅದು ಭಾಲ್ಕಿಯಲ್ಲಿ ಹೇಗೆ ಕನ್ನಡವನ್ನೇ ಉಳಿಸಿತೆಂಬುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ 1889ರಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳಿಕೆಯ ಕಾಲದಲ್ಲಿ ಹಳ್ಳಿಯ ಮಕ್ಕಳಿಗಾಗಿ ಶಾಲೆಯನ್ನೂ ಉಚಿತ ಪ್ರಸಾದನಿಲಯವನ್ನೂ ನಡೆಸಿದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಬೋರ್ಡಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ; ಅಡುಗೆಮನೆಯ ಕಥೆಯನ್ನು ಹೇಳುವವರು ಕಡಿಮೆ. ಔರಾದಿಗೆ ರೈಲಿಲ್ಲ. ಹಳ್ಳಿಯ ಹುಡುಗ ದಿನವೂ ಭಾಲ್ಕಿಗೆ ಹೋಗಿಬರುವುದು ಆಗದ ಮಾತು. ರಾತ್ರಿ ಮಲಗಲು ಒಂದು ಮೂಲೆ, ಎರಡು ಹೊತ್ತು ರೊಟ್ಟಿ ಇಲ್ಲದಿದ್ದರೆ ಆ ಕನ್ನಡ ಪಾಠವನ್ನು ಕೇಳುವವರು ಯಾರಿರುತ್ತಿದ್ದರು? ಅದಕ್ಕಾಗಿ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. 1999ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ, ಅಲ್ಲಿ ಉಂಡು ಓದಿದವರು ಜಿಲ್ಲೆಯ ತುಂಬ ಇದ್ದರು. ನನ್ನ ಗುರುಗಳಲ್ಲಿಯೂ ಅಂಥವರಿದ್ದರು.

ಇಲ್ಲಿ ನನ್ನದೊಂದು ಸಂಗತಿ ಹೇಳಬೇಕು. ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1989ರಲ್ಲಿ ಕನ್ನಡದ ಒಂದು ಪರೀಕ್ಷೆಗೆ ಕುಳಿತುಕೊಳ್ಳಲು ನಾನೂ ನನ್ನ ಗೆಳೆಯನೂ ಊರಿನಿಂದ ಬೀದರಿಗೆ ಬಂದೆವು. ಮೂರು ದಿನದ ಪರೀಕ್ಷೆ. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಖಾನಾವಳಿ. ಮೇಲಿನ ಅಟ್ಟದಲ್ಲಿ ಪರೀಕ್ಷೆಯ ಹುಡುಗರಿಗೆ ಮಲಗಲು ಜಾಗ ಕೊಡುತ್ತಿದ್ದರು. ಮಾಲಕರು ನನ್ನನ್ನು ನೋಡಿ, "ಯಾವೂರು ತಮ್ಮಾ? ಯಾರ ಪೈಕಿ?" ಎಂದರು. ಹೇಳಿದೆ. ಗೆಳೆಯನನ್ನೂ ಕೇಳಿದರು. ಅವನು ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಕೇರಿಯನ್ನೂ ಇದ್ದುದಿದ್ದಂತೆ ಹೇಳಿದ. ಮಾಲಕರು ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಒಬ್ಬರಿಗೇ ಜಾಗ ಅದ" ಎಂದಷ್ಟೇ ಹೇಳಿದರು. ಅಟ್ಟದ ಮೇಲೆ ಐದಾರು ಚಾಪೆಗಳು ಬರಿದೇ ಬಿದ್ದಿದ್ದುವು. ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿ ಹೇಳಿ ಆಗಲೇ 39 ವರ್ಷವಾಗಿದ್ದಿತು. ಅದನ್ನು ನಾನು ಓದಿದ್ದೆ ಕೂಡ. ಆದರೂ ನಾನು ಒಳಗೆ ಹೋದೆ.

ಮಾರನೆಯ ದಿನ ಪರೀಕ್ಷೆಯ ಬಾಗಿಲಲ್ಲಿ ಗೆಳೆಯ ಸಿಕ್ಕ. ರಾತ್ರಿ ಗುರುನಾನಕ್ ಝೀರಾಕ್ಕೆ ಹೋಗಿದ್ದೆ ಎಂದ. ಗುರುನಾನಕರು ಬಂದಾಗ ಬಂಡೆಯಡಿ ಸಿಹಿನೀರು ಚಿಮ್ಮಿತೆಂದು ನಂಬುವ ಆ ಸ್ಥಳದಲ್ಲಿ 1948ರಲ್ಲಿ ಗುರುದ್ವಾರ ಎದ್ದಿದೆ. ಬಂದವರೆಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಲಂಗರಿನಲ್ಲಿ ಉಣ್ಣುತ್ತಾರೆ. "ಹೆಸರೂ ಕೇಳಲಿಲ್ಲೋ, ತಲಿಗೆ ಬಟ್ಟಿ ಕಟ್ಟಿಕೋ ಅಂದರು, ಅಷ್ಟ. ನೀನೂ ಬಾ" ಎಂದು ಕರೆದ. ಮೂರು ದಿನದ ಹಣ ಮುಂಗಡ ಕೊಟ್ಟಿದ್ದೇನಲ್ಲ ಎಂದು ನಾನು ನೆಪ ಹೇಳಿದೆ. ಅವನು ನನಗಿಂತ ಹೆಚ್ಚು ಅಂಕ ಪಡೆದ. ಈಗಲೂ ನಾವು ಸ್ನೇಹಿತರೇ. ಅವನು ಆ ಮಾತನ್ನು ಎಂದೂ ಎತ್ತಿಲ್ಲ.

ಆಮೇಲೆ ಎಷ್ಟೋ ವರ್ಷದ ಮೇಲೆ ಡಾ. ಅಂಬೇಡ್ಕರರು ತಾವೇ ಬರೆದ ಬರೋಡೆಯ ವೃತ್ತಾಂತವನ್ನು ಓದಿದಾಗ ಆ ಅಟ್ಟದ ಚಾಪೆಗಳು ಕಣ್ಣಿಗೆ ಕಟ್ಟಿದುವು. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ 1917ರಲ್ಲಿ ಬರೋಡೆಯ ನೌಕರಿಗೆ ಬಂದ ಅವರಿಗೆ ಇಳಿಯಲು ಹಿಂದೂ ಹೋಟೆಲಿಲ್ಲ. ಪಾರಸಿಗಳ ಒಂದು ವಸತಿಗೃಹದಲ್ಲಿ, ಪಾರಸಿ ಹೆಸರು ಬರೆಸುವ ಕರಾರಿನ ಮೇಲೆ, ದಿನಕ್ಕೆ ಒಂದೂವರೆ ರೂಪಾಯಿಗೆ ಮಹಡಿಯ ಕೋಣೆ ದೊರೆಯಿತು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತೆಂಟು ಜನ ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಬಿಟ್ಟು ಹೋಗಬೇಕೆಂದರು. ನಿಕಿತಿನ್ ಇಟ್ಟುಕೊಂಡ ಸುಳ್ಳು ಹೆಸರನ್ನು ನಿಜ ಮಾಡಿಕೊಂಡಾಗ ಬಾಗಿಲು ತೆರೆಯಿತು. ಅಂಬೇಡ್ಕರರ ನಿಜವಾದ ಹೆಸರು ತಿಳಿದಾಗ ಬಾಗಿಲು ಮುಚ್ಚಿತು. ಇಬ್ಬರ ನಡುವೆ ನಾಲ್ಕೂವರೆ ಶತಮಾನ.

ಇಂಗ್ಲೆಂಡಿನವರು ಈ ವಿಷಯದಲ್ಲಿ ನಮಗಿಂತ ಮೇಲೆಂದು ಬೀಗುವಂತಿಲ್ಲ. ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟ್ ಆಟಗಾರ ಲೀರಿ ಕಾನ್‌ಸ್ಟಂಟೈನ್ 1943ರಲ್ಲಿ ಹೆಂಡತಿ ಮಗಳೊಡನೆ ಲಂಡನ್ನಿನ ಇಂಪೀರಿಯಲ್ ಹೋಟೆಲಿಗೆ, ಮೊದಲೇ ಕೋಣೆ ಗೊತ್ತುಮಾಡಿಕೊಂಡು, ಬಂದರೆ ಒಂದು ರಾತ್ರಿಗಿಂತ ಹೆಚ್ಚು ಇರಕೂಡದೆಂದರು. ಅವರು ಕರಿಯರು ಎಂಬುದೇ ಕಾರಣ. ಅವರು ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದರು. ಪರಿಹಾರ ಐದು ಗಿನಿ. ಯುದ್ಧ ಮುಗಿದ ಮೇಲೂ ಬಾಡಿಗೆ ಕೋಣೆಗಳ ಕಿಟಕಿಯಲ್ಲಿ 'ಕರಿಯರಿಗೆ ಇಲ್ಲ' ಎಂಬ ಚೀಟಿಗಳು ಕಾಣುತ್ತಿದ್ದುವು. ಹೋಟೆಲುಗಳಿಗೆ 1965ರ ಶಾಸನ, ಮನೆಗಳ ಬಾಡಿಗೆಗೆ 1968ರ ಶಾಸನ ಬರಬೇಕಾಯಿತು.

ನನ್ನ ವಿದ್ಯಾರ್ಥಿನಿಯ ಎರಡನೆಯ ಕಾಗದ ಮಳೆಗಾಲದಲ್ಲಿ ಬಂದಿತು. ಕೊನೆಗೆ ಆರಿಸಿದ್ದು ಬಸವಣ್ಣನ ಮೂರ್ತಿಗೆ ಅರ್ಧ ಗಂಟೆಯ ದಾರಿಯಲ್ಲಿದ್ದ ಮನೆ. ನೆಲದ ಮೇಲಿನ ಕೋಣೆ. ಮನೆಯೊಡತಿ ವಿಧವೆ, ಎಪ್ಪತ್ತರ ಹತ್ತಿರದವಳು. ಹಂದಿಯ ಮಾಂಸದ ಮಾತೆತ್ತಿದಾಗ, ಬೇರೆ ಬಾಣಲೆ ಇದೆ, ಹಾಲು ಹಣ್ಣು ರೊಟ್ಟಿ ಕೊಡುತ್ತೇನೆ ಎಂದಳಂತೆ. ಆದರೂ ತಾಯಿಯವರು ಊರಿನಿಂದ ಒಯ್ದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕೈಚೀಲದಲ್ಲಿಟ್ಟುಕೊಂಡೇ ಹೋದರು. ಮೂರನೆಯ ಬೆಳಿಗ್ಗೆ ಅದರಲ್ಲಿ ಅರ್ಧ ಮನೆಯೊಡತಿಯ ತಟ್ಟೆಗೆ ಹೋಯಿತು.

ಮೇಜಿನ ಮೇಲೆ ಅತಿಥಿಗಳ ಹೆಸರು ಬರೆದ ಚೀಟಿಯಿಡುವುದು ಆ ಮನೆಯ ವಾಡಿಕೆ. ತಂದೆಯವರ ಹೆಸರನ್ನು ಆಕೆ ಎರಡು ಕಡೆ ತಪ್ಪಾಗಿ ಬರೆದಿದ್ದಳು. ಆ ಚೀಟಿಯನ್ನು ಅವರು ಜೇಬಿನಲ್ಲಿಟ್ಟುಕೊಂಡು ಊರಿಗೆ ತಂದಿದ್ದಾರೆ, ನನಗೂ ತೋರಿಸಿದರು. ಕೋಣೆ ಗೊತ್ತುಮಾಡುವಾಗ ಅವರು ಮಗಳನ್ನು ಕೇಳಿದ್ದರಂತೆ, "ಹೆಸರು ಬಿಟ್ಟು ಮತ್ತೇನೂ ಕೇಳಲಿಲ್ಲೇನವಾ?"

"ಕೇಳಿದಳಪ್ಪಾ. ಮುಂಜಾನೆ ಎಷ್ಟಕ್ಕ ಏಳ್ತಾರ ಅಂತ."