ನೀರಂಚಿನ ಹುಳುಗಳ ಗುರುತು: ಇಂಗ್ಲೆಂಡಿನ ಗಾಳಗಾರರ ಕೀಟಜ್ಞಾನದ ಇತಿಹಾಸ

ಗರಿ, ಉಣ್ಣೆ, ರೇಷ್ಮೆದಾರಗಳನ್ನು ಕೊಕ್ಕೆಗೆ ಸುತ್ತಿ ಹುಳುವಿನ ರೂಪ ಕೊಟ್ಟು ಮೀನು ಹಿಡಿಯುವ ಪದ್ಧತಿಗೆ ಫ್ಲೈ ಫಿಶಿಂಗ್ ಎಂದು ಹೆಸರು. ಹೊಳೆಯಲ್ಲಿ ಒಂದು ಜಾತಿಯ ಹುಳು ಹೇರಳವಾಗಿ ಎದ್ದಾಗ ಟ್ರೌಟ್ ಮೀನು ಬೇರೆಯದನ್ನು ಬಿಟ್ಟು ಅದನ್ನೇ ತಿನ್ನುವುದುಂಟು. ಹಾಗಾಗಿ ಎದ್ದ ಹುಳು ಯಾವುದೆಂದು ತಿಳಿಯುವುದು ಗಾಳಗಾರನ ಮೊದಲ ಕೆಲಸವಾಯಿತು. ಕ್ರಿ.ಶ. 200ರ ಸುಮಾರಿನಲ್ಲಿದ್ದ ರೋಮಿನ ಲೇಖಕ ಈಲಿಯನ್ ಮ್ಯಾಸಿಡೋನಿಯಾದ ಆಸ್ಟ್ರೇಯಸ್ ನದಿಯ ಬೆಸ್ತರ ಬಗ್ಗೆ ಬರೆದಿದ್ದಾನೆ. ಅಲ್ಲಿನ ಹುಳುವಿಗೆ ಕೈ ಸೋಕಿದರೆ ಬಣ್ಣ ಕೆಟ್ಟು ರೆಕ್ಕೆ ಬಾಡುತ್ತಿತ್ತು. ಅದಕ್ಕಾಗಿ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟುತ್ತಿದ್ದರು.

ಇಂಗ್ಲೆಂಡಿನಲ್ಲಿ 1496ರಲ್ಲಿ ವಿಂಕಿನ್ ಡಿ ವರ್ಡ್ ಅಚ್ಚುಹಾಕಿದ ಗಾಳದ ಗ್ರಂಥದಲ್ಲಿ 12 ಫ್ಲೈಗಳ ವಿವರವಿದೆ. ಅವುಗಳನ್ನು ಜೋಡಿಸಿರುವುದು ತಿಂಗಳಿಗೆ ತಕ್ಕಂತೆ. 1676ರಲ್ಲಿ ಐಸಾಕ್ ವಾಲ್ಟನ್‌ನ ಪುಸ್ತಕಕ್ಕೆ ಎರಡನೇ ಭಾಗ ಬರೆದ ಚಾರ್ಲ್ಸ್ ಕಾಟನ್ ಕೂಡ ಪಟ್ಟಿಯನ್ನು ಬಹಳ ಹಿಗ್ಗಿಸಿದನೇ ಹೊರತು ತಿಂಗಳ ಲೆಕ್ಕವನ್ನು ಬಿಡಲಿಲ್ಲ. ಹುಳುವಿನ ಮೈಯನ್ನು ನೋಡಿ ಅಲ್ಲ, ಪಂಚಾಂಗ ನೋಡಿ ಗುರುತಿಸುವ ಕಾಲವದು. ಒಂದೇ ಹುಳುವಿಗೆ ಊರಿಗೊಂದು ಹೆಸರಿತ್ತು.

ಈ ಗೊಂದಲವನ್ನು ನಿಜವಾಗಿ ಬಿಡಿಸಹೊರಟವನು ಆಲ್‌ಫ್ರೆಡ್ ರೊನಾಲ್ಡ್ಸ್ (1802–1860). ಸ್ಟ್ಯಾಫರ್ಡ್‌ಶೈರಿನ ಬ್ಲೈತ್ ಹೊಳೆಯ ದಂಡೆಯಲ್ಲಿ ಅವನು ನೀರಿನ ಮೇಲಕ್ಕೆ ಚಾಚಿದ ಒಂದು ಗುಡಿಸಲು ಕಟ್ಟಿಸಿ, ಒಳಗೆ ಕೂತು ಟ್ರೌಟ್‌ಗಳನ್ನು ಗಮನಿಸಿದ. ಜೇನು ಸವರಿದ, ಮೆಣಸಿನ ಖಾರ ಸವರಿದ ನೊಣಗಳನ್ನು ಕೊಳವೆಯಿಂದ ಊದಿ ನೀರಿಗೆ ಬೀಳಿಸಿ ಮೀನಿನ ರುಚಿಯನ್ನು ಪರೀಕ್ಷಿಸಿದ. 1836ರಲ್ಲಿ ಬಂದ ಅವನ ‘ದಿ ಫ್ಲೈ ಫಿಶರ್ಸ್ ಎಂಟಮಾಲಜಿ’ಯಲ್ಲಿ ನಿಜವಾದ ಹುಳು ಮತ್ತು ಅದರ ಅನುಕರಣೆ ಅಕ್ಕಪಕ್ಕದಲ್ಲಿ ಬಣ್ಣದ ಚಿತ್ರವಾಗಿ ನಿಂತವು, ಜನಬಳಕೆಯ ಹೆಸರಿನ ಜೊತೆಗೆ ಶಾಸ್ತ್ರೀಯ ವರ್ಗವೂ ಸೇರಿತು. ಗಾಳಗಾರರು ಎರಡು ಹುಳುಗಳೆಂದು ನಂಬಿದ್ದ ಬ್ಲೂ ಡನ್ ಮತ್ತು ರೆಡ್ ಸ್ಪಿನ್ನರ್ ಒಂದೇ ಹುಳುವಿನ ಎರಡು ಅವಸ್ಥೆಗಳೆಂದು ಅವನು ಬರೆದದ್ದು ಆ ಪುಸ್ತಕದ ಅತ್ಯಂತ ಬೆಲೆಯುಳ್ಳ ಮಾತು.

ಹೀಗೆ ಎರಡು ಅವಸ್ಥೆ ಇರುವುದು ಈ ಹುಳುಗಳು ಸೇರಿದ ಮೇಫ್ಲೈ ಎಂಬ ಕೀಟವರ್ಗದ ವಿಶೇಷ. ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟ ಇಂದು ಇದೊಂದೇ. ನೀರಿನಿಂದ ಎದ್ದ ಡನ್‌ನ ರೆಕ್ಕೆ ಮಬ್ಬು, ಮೈ ಮಂಕು. ಹುಲ್ಲಿನ ಮೇಲೋ ಎಲೆಯಡಿಯೋ ಕೂತು ಪೊರೆ ಬಿಟ್ಟಾಗ ಗಾಜಿನಂಥ ರೆಕ್ಕೆಯ, ಹೊಳೆವ ಮೈಯ, ಮೊದಲಿಗಿಂತ ನೀಳ ಬಾಲದ ಸ್ಪಿನ್ನರ್ ಹೊರಬರುತ್ತದೆ. ಅದಕ್ಕೆ ಉಣ್ಣಲು ಬಾಯಿಲ್ಲ. ಕೂಡಿ ಮೊಟ್ಟೆಯಿಟ್ಟರೆ ಬಾಳು ಮುಗಿಯಿತು.

ಗುರುತಿನ ಮೊದಲ ಹೆಜ್ಜೆ ಕೂತ ಹುಳುವಿನ ರೆಕ್ಕೆಯನ್ನು ನೋಡುವುದು. ಹಾಯಿಯಂತೆ ನೆಟ್ಟಗೆ ನಿಂತರೆ ಮೇಫ್ಲೈ. ಮನೆಯ ಮಾಡಿನಂತೆ ಇಳಿಬಿದ್ದು ಮೇಲೆ ನವಿರು ಕೂದಲಿದ್ದರೆ ಕ್ಯಾಡಿಸ್. ಬೆನ್ನಿಗೆ ಚಪ್ಪಟೆಯಾಗಿ ಅಂಟಿದ್ದರೆ ಸ್ಟೋನ್‌ಫ್ಲೈ. ಆಲ್ಡರ್ ಹುಳು ಇಲ್ಲಿ ಮೋಸಗೊಳಿಸುತ್ತದೆ: ರೆಕ್ಕೆ ಮಾಡಿನಂತೆಯೇ, ಆದರೆ ಕೂದಲಿಲ್ಲ. ಮೇಫ್ಲೈಗಳೊಳಗೆ ಬಾಲದ ಎಳೆ ಎಣಿಸಬೇಕು. ದೊಡ್ಡ ಎಫೆಮೆರಾ ಡ್ಯಾನಿಕಾಕ್ಕೆ ಮೂರು, ಬೇಟಿಸ್ ಜಾತಿಗಳಿಗೆ ಎರಡು. ಬೇಟಿಸ್‌ಗೆ ಪುಟ್ಟ ಹಿಂರೆಕ್ಕೆಯುಂಟು, ಅದನ್ನೇ ಹೋಲುವ ಕ್ಲೋಯಾನ್‌ಗೆ ಅದೂ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ ಕಾಣಲು ಭೂತಗನ್ನಡಿ ಬೇಕು. ಬಣ್ಣವನ್ನು ಮಾತ್ರ ನಂಬಬಾರದು, ಅದು ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಈ ಲಕ್ಷಣಗಳು ಗಾಳಗಾರರ ಕೈಗೆ ಬಂದದ್ದು ವಿಜ್ಞಾನಿಗಳಿಂದ. ಎ. ಇ. ಈಟನ್ 1883ರಿಂದ 1888ರವರೆಗೆ ಮೇಫ್ಲೈಗಳ ಬೃಹತ್ ಗ್ರಂಥವನ್ನು ಪ್ರಕಟಿಸಿದ ಮೇಲೆ, ಫ್ರೆಡರಿಕ್ ಹ್ಯಾಲ್‌ಫರ್ಡ್ 1897ರಲ್ಲಿ ಫ್ಲೈಯನ್ನು ನೀರ ಮೇಲೆ ತೇಲಿಸಿ ಮೀನು ಹಿಡಿಯುವವರಿಗಾಗಿ ಕೀಟಶಾಸ್ತ್ರದ ಪುಸ್ತಕ ಬರೆದ. ನೀರ ಮೇಲಿನ ಹುಳುವಿಗೇ ಅವನ ಒಲವು. ಜಿ. ಇ. ಎಂ. ಸ್ಕ್ಯೂಸ್ ಮೀನಿನ ಹೊಟ್ಟೆಯಲ್ಲಿದ್ದುದನ್ನು ಹೊರತೆಗೆದು ನೋಡಿ, ನೀರೊಳಗಿನ ಮರಿಹುಳುವನ್ನೂ ಅಷ್ಟೇ ಮುಖ್ಯವಾಗಿ ಪರಿಗಣಿಸಿದ. ಸಾಕ್ಷ್ಯ ಸ್ಕ್ಯೂಸ್‌ನ ಕಡೆಗೇ ಹೆಚ್ಚು ವಾಲುತ್ತದೆ. ಜೆ. ಆರ್. ಹ್ಯಾರಿಸ್ (1952), ಜಾನ್ ಗಾಡರ್ಡ್ (1966) ಅವರ ಕೈಪಿಡಿಗಳು ಈ ಎರಡೂ ಧಾರೆಗಳನ್ನು ಕೂಡಿಸಿದವು.

ಗಾಳಗಾರರ ಈ ಕೀಟಜ್ಞಾನ ಈಗ ಹೊಳೆಯ ಆರೋಗ್ಯ ಕಾಯಲೂ ನೆರವಾಗುತ್ತಿದೆ. 2007ರಲ್ಲಿ ಬ್ರಿಟನ್ನಿನಾದ್ಯಂತ ಆರಂಭವಾದ ರಿವರ್‌ಫ್ಲೈ ಯೋಜನೆಯಲ್ಲಿ ತರಬೇತಾದ ಗಾಳಗಾರರು ಮೂರು ನಿಮಿಷ ಹೊಳೆಯ ತಳವನ್ನು ಕಾಲಿನಿಂದ ಕದಡಿ, ಬಲೆಗೆ ಬಿದ್ದ ಜೀವಿಗಳಲ್ಲಿ 8 ಗುಂಪುಗಳನ್ನು ಎಣಿಸುತ್ತಾರೆ. ಎಣಿಕೆ ಆ ಜಾಗಕ್ಕೆ ಗೊತ್ತುಮಾಡಿದ ಮಟ್ಟಕ್ಕಿಂತ ಕುಸಿದರೆ, ನೀರು ಕೆಟ್ಟಿರಬಹುದೆಂದು ಪರಿಸರ ಇಲಾಖೆಗೆ ಸುದ್ದಿ ಹೋಗುತ್ತದೆ.