ಮೈಸೂರ ರಾವುತರ ದೂರಪ್ರಯಾಣ

ತೀರ್ಥಯಾತ್ರೆಗೆ ಹೋದವನು ಮರಳಿ ಬಂದು ಕ್ಷೇತ್ರದ ಮಹಿಮೆಯನ್ನು ಹೇಳುವನು. ವ್ಯಾಪಾರಕ್ಕೆ ಹೋದವನು ಲಾಭಹಾನಿಗಳ ಲೆಕ್ಕವನ್ನು ಒಪ್ಪಿಸುವನು. ಆದರೆ ಪರರ ಯುದ್ಧಕ್ಕಾಗಿ ಕಡಲು ದಾಟಿ ಹೋದ ಸಾಮಾನ್ಯ ರಾವುತನ ಪ್ರಯಾಣವನ್ನು ಹೇಳುವವರಾರು? ಸನ್ 1914 ರಲ್ಲಿ ಬೆಂಗಳೂರನ್ನು ಬಿಟ್ಟು, ಆಫ್ರಿಕಾ ಮತ್ತು ಏಷ್ಯಾ ಖಂಡಗಳ ಮರಳನ್ನೂ ಬೆಟ್ಟಗಳನ್ನೂ ತುಳಿದು, 1920 ರಲ್ಲಿ ಮನೆಗೆ ಬಂದ ಮೈಸೂರ ಸಂಸ್ಥಾನದ ರಾವುತದಳದ ಹೆಸರು ಇಂದು ಹೈಫಾ ಎಂಬ ಒಂದು ಪಟ್ಟಣಕ್ಕೆ, ಅಲ್ಲಿಯ ಒಂದು ಮಧ್ಯಾಹ್ನಕ್ಕೆ ಮಾತ್ರ ಅಂಟಿಕೊಂಡಿದೆ. ಆ ಮಧ್ಯಾಹ್ನಕ್ಕಿಂತ ಅದರ ಹಿಂದುಮುಂದಿನ ವರ್ಷಗಳೇ ಹೆಚ್ಚು ವಿಚಾರಾರ್ಹವಾದವುಗಳೆಂದು ನಮ್ಮ ಅಭಿಪ್ರಾಯ.

ಮುಂಡರಗಿಯ ವಾಚಕರಿಗೆ ಮೈಸೂರ ದಂಡಿನ ಕಥೆಯಿಂದ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಆ ಕಾಲಕ್ಕೆ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಮುಂಡರಗಿಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮೀರಜದ ಸಂಸ್ಥಾನಿಕರ ಕೈಯಲ್ಲಿದ್ದವು. ಪೂರ್ವಕ್ಕಿರುವ ಕೊಪ್ಪಳವು ನಿಜಾಮರದು. ತುಂಗಭದ್ರೆಯಾಚೆಯ ಹೂವಿನ ಹಡಗಲಿಯು ಮದ್ರಾಸ ಇಲಾಖೆಯದು. ಈ ಗಡಿಗಳೆಲ್ಲ ಅಳಿದು ನಾಡು ಒಂದಾಗಿರುವಾಗ, ಆಗಿನ ಒಂದು ತುಂಡಿನ ಇತಿಹಾಸವು ಉಳಿದ ತುಂಡುಗಳಿಗೂ ಸಲ್ಲತಕ್ಕದ್ದು. ಅದಲ್ಲದೆ ಇನ್ನೊಂದು ಕಾರಣವೂ ಉಂಟು. 1858 ರಲ್ಲಿ ಮುಂಡರಗಿಯ ಭೀಮರಾಯರು ಇಂಗ್ಲಿಷರ ಮೇಲೆ ಕತ್ತಿಯೆತ್ತಿ ಕೊಪ್ಪಳದ ಕೋಟೆಯಲ್ಲಿ ಮಡಿದರು. ಅದಾಗಿ ಅರುವತ್ತು ವರ್ಷಗಳೊಳಗಾಗಿಯೇ ಕನ್ನಡ ನಾಡಿನ ರಾವುತರು ಅದೇ ಇಂಗ್ಲಿಷರಿಗಾಗಿ ಪರದೇಶದಲ್ಲಿ ಪ್ರಾಣ ಕೊಟ್ಟರು. ಈ ಎರಡು ಸಂಗತಿಗಳನ್ನು ಒಂದೇ ಮನಸ್ಸಿನಲ್ಲಿ ಇಟ್ಟುಕೊಳ್ಳುವದು ಹೇಗೆಂಬದೇ ನಮ್ಮ ಮುಂದಿನ ಪ್ರಶ್ನೆಯು.

ಸಂಸ್ಥಾನಿಕರು ತಮ್ಮ ಖರ್ಚಿನಿಂದ ದಂಡನ್ನು ಸಾಕಿ, ಸಾಮ್ರಾಜ್ಯಕ್ಕೆ ಬೇಕಾದಾಗ ಕಳುಹಿಸಿಕೊಡಬೇಕೆಂಬ ಯೋಜನೆಯು 1889 ರಲ್ಲಿ ಹುಟ್ಟಿತು. ಅದರಂತೆ 1892 ರಲ್ಲಿ ಮೈಸೂರಿನ ರಾವುತದಳವು ಏರ್ಪಟ್ಟಿತು. 1914 ರಲ್ಲಿ ಮಹಾಯುದ್ಧವು ಆರಂಭವಾಗಲು ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆಂದು 50 ಲಕ್ಷ ರೂಪಾಯಿಗಳನ್ನು ಕೊಟ್ಟರು, ದಳವನ್ನೂ ಕಳುಹಿಸಿದರು. ಅದೇ ಅಕ್ಟೋಬರ ತಿಂಗಳಲ್ಲಿ ದೇಶರಾಜ ಅರಸರೇ ಮೊದಲಾದ ಅಧಿಕಾರಿಗಳೊಡನೆ ರಾವುತರು, ಕುದುರೆಗಳು, ಹೇಸರಗತ್ತೆಗಳು, ಕುದುರೆಯಾಳುಗಳು, ಅಡಿಗೆಯವರು ಬೆಂಗಳೂರಿನಿಂದ ಹೊರಟು ಹಡಗನ್ನೇರಿದರು. ಹೈದರಾಬಾದ ಸಂಸ್ಥಾನದ ರಾವುತರೊಡನೆ ಇವರನ್ನು ಒಂದೇ ಬ್ರಿಗೇಡಿನಲ್ಲಿ ಕೂಡಿಸಲಾಯಿತು; ಜೋಧಪುರದ ರಾವುತರು ಅದನ್ನು ಮುಂದೆ 1918 ರಲ್ಲಿ ಕೂಡಿಕೊಂಡರು.

ಮೊದಲನೆಯ ನಿಲ್ದಾಣವು ಈಜಿಪ್ತದ ಸುಯೇಜ ಕಾಲುವೆ. ಇಂಗ್ಲಂಡಕ್ಕೂ ಹಿಂದುಸ್ಥಾನಕ್ಕೂ ನಡುವಿನ ಜಲಮಾರ್ಗವು ಇದೇ ಆದದ್ದರಿಂದ ಅದರ ಕಾವಲು ಅತ್ಯಂತ ಅವಶ್ಯವಾಗಿತ್ತು. 1915 ರ ಫೆಬ್ರುವರಿಯಲ್ಲಿ ತುರ್ಕರು ಸಿನಾಯಿ ಮರುಭೂಮಿಯನ್ನು ದಾಟಿ ಬಂದು ಕಾಲುವೆಯ ಮೇಲೆ ಬಿದ್ದು, ಸೋತು ಹಿಂದಿರುಗಿದರು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಮೈಸೂರ ದಳದಲ್ಲಿ ಅರಸು ಮನೆತನದವರೂ ಮರಾಠರೂ ಇದ್ದಂತೆ ಮುಸಲ್ಮಾನರೂ ಬಹಳ ಮಂದಿ ಇದ್ದರು. ತುರ್ಕರ ಸುಲ್ತಾನನು ಖಲೀಫನೂ ಆಗಿದ್ದನು. 1914 ರ ನವಂಬರದಲ್ಲಿ ಅವನ ಹೆಸರಿನಿಂದ ಧರ್ಮಯುದ್ಧವು ಸಾರಲ್ಪಟ್ಟಿತ್ತು. ತಾನು ಉಂಡ ಅನ್ನದ ಋಣ ಒಂದು ಕಡೆ, ತನ್ನ ಮತದ ಪೀಠ ಮತ್ತೊಂದು ಕಡೆ. ಇಂಥ ಇಕ್ಕಟ್ಟಿನಲ್ಲಿ ನಿಂತು ಲಗಾಮು ಹಿಡಿಯುವದು ಭರ್ಚಿಯ ಎದುರಿಗೆ ಎದೆಯೊಡ್ಡುವದಕ್ಕಿಂತ ಸುಲಭವಾಗಿದ್ದಿತೆಂದು ಹೇಳಲಾಗದು.

ಮುಂದಿನ ಹಾದಿಯು ಸಿನಾಯಿಯ ಮರಳುಗಾಡು. ಇಲ್ಲಿ ಶತ್ರುವಿಗಿಂತ ನೀರಡಿಕೆಯೇ ಘೋರವಾದದ್ದು. ಇಂಗ್ಲಿಷರ ಸೈನ್ಯವು ಮುಂದುವರಿದಂತೆ ಅದರ ಹಿಂದೆಯೇ ರೇಲ್ವೆಯ ಹಳಿಗಳೂ, ನೈಲ ನದಿಯ ನೀರನ್ನು ಒಯ್ಯುವ ಕೊಳವೆಗಳೂ ಮರಳಿನಲ್ಲಿ ಮೈಲು ಮೈಲಾಗಿ ಬೆಳೆದವು. ಕುದುರೆಗೆ ಮೊದಲು ಕುಡಿಸಿ ಆಮೇಲೆ ತಾನು ಕುಡಿಯುವದು ರಾವುತನ ಧರ್ಮ. ಮೈಮೇಲಿನ ತಡಿಯ ಗಾಯಗಳನ್ನು ತೊಳೆಯುವದು, ಲಾಳಗಳನ್ನು ನೋಡುವದು, ಮರಳ ಗಾಳಿಯಲ್ಲಿ ಮೇವನ್ನು ಕಾಯುವದು — ವರ್ಷಗಟ್ಟಲೆ ನಡೆದ ಕೆಲಸವು ಇದು. ಗಾಜಾ ಪಟ್ಟಣವು ಎರಡು ಸಲ ಮಣಿಯದೆ, 1917 ರ ನವಂಬರದಲ್ಲಿ ಬಿದ್ದಿತು. ಡಿಸೆಂಬರದಲ್ಲಿ ಜೆರೂಸಲೇಮ ವಶವಾಯಿತು.

1918 ರ ಬೇಸಿಗೆಯನ್ನು ಈ ರಾವುತರು ಯೊರ್ದನ್ ನದಿಯ ಕಣಿವೆಯಲ್ಲಿ ಕಳೆದರು. ಆ ಪ್ರದೇಶವು ಸಮುದ್ರದ ಮಟ್ಟಕ್ಕಿಂತ ಸಾವಿರ ಅಡಿಗೂ ಹೆಚ್ಚು ತಗ್ಗಿನಲ್ಲಿದೆ. ಬಿಸಿಲು, ಧೂಳು, ನೊಣ, ಮಲೇರಿಯಾ ಜ್ವರ ಇವೇ ಅಲ್ಲಿಯ ನಿತ್ಯದ ವೈರಿಗಳು. ಜುಲೈ 14 ರಂದು ಹೆನು ಎಂಬ ಹಾಯಗಡದ ಬಳಿ ಜೋಧಪುರ ಮತ್ತು ಮೈಸೂರಿನ ರಾವುತರು ತುರ್ಕರ ಮೇಲೆ ಏರಿಹೋಗಿ ಅವರನ್ನು ಚೆದರಿಸಿದರು.

ಸಪ್ಟಂಬರ 19 ರಂದು ಸೇನಾಪತಿ ಆಲೆನ್‌ಬಿಯು ತುರ್ಕರ ಸಾಲನ್ನು ಮುರಿದನು. 23 ರಂದು ರಾವುತರು ಹೈಫಾದ ಎದುರಿಗೆ ಬಂದರು. ಒಂದು ಕಡೆ ಕರ್ಮೆಲ್ ಬೆಟ್ಟದ ಮೇಲೆ ತೋಪುಗಳು, ಇನ್ನೊಂದು ಕಡೆ ಕೀಷೋನ್ ಹಳ್ಳದ ಕುಸಿಯುವ ಉಸುಕು. ನಡುವೆ ಇಕ್ಕಟ್ಟಾದ ದಾರಿ. ಮೈಸೂರಿನ ಒಂದು ತಂಡವು ಕಡಿದಾದ ಕಾಲುದಾರಿಯಿಂದ ಬೆಟ್ಟವನ್ನೇರಿ ತೋಪುಗಳ ಕಡೆಗೆ ನಡೆಯಿತು. ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಕೆಳಗಿನಿಂದ ಕುದುರೆಗಳನ್ನು ಓಡಿಸಿದರು. ಮೈಸೂರಿನವರು ಅವರಿಗೆ ಬೆಂಬಲವಾದರು. ಪಟ್ಟಣವು ಅಂದೇ ವಶವಾಯಿತು. ಸೆರೆಯಾದವರು 1,350 ಮಂದಿ. ಸಿಕ್ಕ ತೋಪುಗಳು 17. ಗೆದ್ದವರ ಕಡೆ 8 ಜನರು ಸತ್ತು 34 ಜನರು ಗಾಯಗೊಂಡರು. ಸತ್ತ ಕುದುರೆಗಳು 60. ಜೋಧಪುರದ ಮೇಜರ ದಲಪತಸಿಂಗರು ಅಲ್ಲಿಯೇ ಮಡಿದರು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುವವು. ರಾವುತರ ಪ್ರಯಾಣವು ಮಾತ್ರ ನಿಲ್ಲಲಿಲ್ಲ. ದಮಸ್ಕವನ್ನು ದಾಟಿ ಉತ್ತರಕ್ಕೆ ನಡೆಯುವಾಗ ಮಲೇರಿಯಾದೊಡನೆ ಇನ್‌ಫ್ಲುಯೆಂಜಾ ಜ್ವರವೂ ಸೈನ್ಯಕ್ಕೆ ತಗಲಿತು. ಅದೇ ದಿನಗಳಲ್ಲಿ ಅದೇ ಜ್ವರವು ಅವರ ಊರುಗಳಲ್ಲಿಯೂ ಮನೆಗಳನ್ನು ಬರಿದುಮಾಡುತ್ತಲಿತ್ತು. ಇವರ ವಿಭಾಗವು ಸಪ್ಟಂಬರ 19 ರಿಂದ ಅಕ್ಟೋಬರ 26 ರ ವರೆಗೆ 500 ಮೈಲು ನಡೆದು, ನೂರಕ್ಕೆ 21 ರಷ್ಟು ಕುದುರೆಗಳನ್ನು ಮಾತ್ರ ಕಳೆದುಕೊಂಡಿತೆಂದು ಆಲೆನ್‌ಬಿಯು ವರದಿಮಾಡಿದನು. ಅವನು ಬರೆದ ಈ ಒಂದು ಅಂಕಿಯ ಹಿಂದೆ ಎಷ್ಟು ಜನ ಕುದುರೆಯಾಳುಗಳ ನಿದ್ದೆಗೆಟ್ಟ ರಾತ್ರಿಗಳಿವೆಯೋ! ಅಕ್ಟೋಬರ 26 ರಂದು ಅಲೆಪ್ಪೊದ ಆಚೆಗೆ ಹರಿತಾನವೆಂಬಲ್ಲಿ ಮೈಸೂರಿನ ಮತ್ತು ಜೋಧಪುರದ ರಾವುತರು ತಮಗಿಂತ ಬಲವಾದ ತುರ್ಕರ ಹಿಂದಂಡನ್ನು ಇದಿರಿಸಿದರು. 21 ಜನರು ಸತ್ತರು, 56 ಜನರು ಗಾಯಗೊಂಡರು. ಹೈಫಾದಲ್ಲಿ ಸತ್ತವರಿಗಿಂತ ಇಲ್ಲಿ ಸತ್ತವರೇ ಹೆಚ್ಚು. ಆದರೂ ಈ ಊರಿನ ಹೆಸರನ್ನು ಬಲ್ಲವರು ವಿರಳ. ಇದಾದ ಐದೇ ದಿನಗಳಲ್ಲಿ ತುರ್ಕರೊಡನೆ ಯುದ್ಧವು ನಿಂತಿತು. ಊರಿಗೆ ಬರಲು ದಳವು 1920 ರ ವರೆಗೆ ಕಾಯಬೇಕಾಯಿತು.

ಸತ್ತವರ ನೆನಪಿಗೆ ಕಲ್ಲುಗಳು ನಿಂತವು. ಬೆಂಗಳೂರಿನಲ್ಲಿ ಒಂದು ಸ್ಮಾರಕವಿದೆ. ದಿಲ್ಲಿಯ ಮೂರು ಮೂರ್ತಿಗಳು ಮೂರು ಸಂಸ್ಥಾನಗಳ ರಾವುತರವು. ಆ ಚೌಕಕ್ಕೆ 2018 ರಲ್ಲಿ ಹೈಫಾದ ಹೆಸರು ಕೂಡಿಸಲ್ಪಟ್ಟಿತು. ಸುಯೇಜದ ದಂಡೆಯಲ್ಲಿ 1926 ರಲ್ಲಿ ನಿಲ್ಲಿಸಿದ ಸ್ಮಾರಕವು ಮುಂದಿನ ಯುದ್ಧಗಳಲ್ಲಿ ಹಾಳಾಗಲು, ಅದರ ಬದಲಿಗೆ 1980 ರಲ್ಲಿ ಕೈರೋದ ಹೆಲಿಯೊಪೊಲಿಸದಲ್ಲಿ ಹೊಸದೊಂದನ್ನು ಕಟ್ಟಿದರು.

ಇನ್ನು ಮೊದಲಿನ ಪ್ರಶ್ನೆಗೆ ಬರುವ. ಈ ರಾವುತರನ್ನು ಸ್ವಾತಂತ್ರ್ಯವೀರರೆಂದು ಕರೆಯುವದು ಸುಳ್ಳಾದೀತು. ಬಾಡಿಗೆಯ ಭಟರೆಂದು ಹಳಿಯುವದು ಅನ್ಯಾಯವಾದೀತು. ಭೀಮರಾಯರು ಯಾರೊಡನೆ ಹೋರಾಡಬೇಕೆಂಬದನ್ನು ತಾವೇ ನಿರ್ಧರಿಸಿದರು. ಆ ಸ್ವಾತಂತ್ರ್ಯವು ಮೈಸೂರಿನ ರಾವುತನಿಗೆ ಇರಲಿಲ್ಲ. ಅವನ ಕೈಯಲ್ಲಿ ಉಳಿದದ್ದು ಒಂದೇ: ಸಂಗಡಿಗನನ್ನು ಬಿಡದೆ, ಮೂಕಪ್ರಾಣಿಯನ್ನು ಉಪವಾಸ ಕೆಡವದೆ, ಹಿಡಿದ ದಾರಿಯನ್ನು ಮುಗಿಸುವದು. ಅದನ್ನು ಅವನು ಐದು ವರ್ಷಗಳಿಗೂ ಮಿಕ್ಕಿ ಮಾಡಿದನು. ಯುದ್ಧದ ಹೊಣೆಯನ್ನು ಅದನ್ನು ಹೂಡಿದವರ ಲೆಕ್ಕಕ್ಕೂ, ದಾರಿಯ ಕಷ್ಟವನ್ನು ಅದನ್ನು ನಡೆದವರ ಲೆಕ್ಕಕ್ಕೂ ಬರೆಯುವದೇ ಇತಿಹಾಸದ ನ್ಯಾಯವು.