ಅಬ್ಬಾ, ಅಪ್ಪ, ಅಪ್ಪೆ

ಗೆತ್ಸೆಮನೆ ತೋಪಿನಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸುವಾಗ ಯೇಸುಸ್ವಾಮಿ ಪಿತನನ್ನು ಕರೆದದ್ದು 'ಅಬ್ಬಾ' ಎಂದು. ಸಂತ ಮಾರ್ಕನು ಶುಭಸಂದೇಶವನ್ನು ಗ್ರೀಕ್ ಭಾಷೆಯಲ್ಲಿ ಬರೆದರೂ ಈ ಅರಮಾಯಿಕ್ ಪದವನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಅದರ ಅರ್ಥವನ್ನು ಇರಿಸಿದ್ದಾನೆ (14:36).

ಕನ್ನಡಿಗರ ಕಿವಿಗೆ ಈ ಪದ ಪರಕೀಯವೆನಿಸದು. ನಮ್ಮ 'ಅಪ್ಪ'ನೇ ಅಲ್ಲವೇ ಇದು? ಎರಡು ಭಾಷೆಗಳಿಗೂ ಒಂದೇ ಬೇರು ಎಂದು ಉತ್ಸಾಹದಿಂದ ಹೇಳುವವರುಂಟು. ಆದರೆ ಅರಮಾಯಿಕ್ ಸೆಮಿಟಿಕ್ ಕುಟುಂಬದ್ದು. ಕನ್ನಡ ದ್ರಾವಿಡ ಕುಟುಂಬದ್ದು. ಕೊರಿಯಾದ ಮಕ್ಕಳೂ ತಂದೆಯನ್ನು 'ಅಪ್ಪ' ಎಂದೇ ಕರೆಯುತ್ತಾರೆ, ಹಂಗೇರಿಯಲ್ಲಿ 'ಅಪ'. ಕೊರಿಯಾದಲ್ಲಿದ್ದ ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದರು. ಆ ನಂಟನ್ನು ವಿದ್ವಾಂಸರು ಇಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಹೋಲಿಕೆಯ ಕಾರಣ ತೊಟ್ಟಿಲಲ್ಲಿದೆ. ತುಟಿಗಳನ್ನು ಮುಚ್ಚಿ ತೆರೆದರೆ ಸಾಕು, ಪ, ಬ, ಮ ಹುಟ್ಟುತ್ತವೆ. ಮಗುವಿಗೆ ಎಲ್ಲಕ್ಕಿಂತ ಮೊದಲು ದಕ್ಕುವ ಧ್ವನಿಗಳಲ್ಲಿ ಇವೂ ಸೇರಿವೆ. ರೋಮನ್ ಯಾಕೊಬ್ಸನ್ 1960ರ ಲೇಖನವೊಂದರಲ್ಲಿ ಇದನ್ನು ವಿವರಿಸಿದರು. ಮಗುವಿನ ತೊದಲಿಗೆ ಅರ್ಥ ಕೊಡುವವರು ಹೆತ್ತವರು, ತಮ್ಮನ್ನೇ ಕರೆಯಿತೆಂದು ಹಿಗ್ಗುವವರು! ಆ ಅರ್ಥವೂ ಎಲ್ಲೆಡೆ ಒಂದೇ ಅಲ್ಲ. ಜಾರ್ಜಿಯನ್ ಭಾಷೆಯಲ್ಲಿ 'ಮಾಮ' ಎಂದರೆ ತಂದೆ. ಅಷ್ಟು ದೂರವೇಕೆ, ನಮ್ಮ ತುಳುವಿನಲ್ಲಿ 'ಅಪ್ಪೆ' ತಾಯಿ, 'ಅಮ್ಮೆ' ತಂದೆ.

'ಅಬ್ಬಾ' ಎಂಬುದು ಎಳೆಮಕ್ಕಳ ಮುದ್ದುಮಾತು ಎಂಬ ಅಭಿಪ್ರಾಯ ಜರ್ಮನಿಯ ಯೊವಾಕಿಂ ಯೆರೆಮಿಯಾಸರ ಬರಹಗಳಿಂದ ಹರಡಿತು. ಬೆಳೆದ ಮಕ್ಕಳೂ ಗಂಭೀರವಾಗಿ ಬಳಸುತ್ತಿದ್ದ ಪದವದು ಎಂದು 1988ರಲ್ಲಿ ಜೇಮ್ಸ್ ಬಾರ್ ತೋರಿಸಿಕೊಟ್ಟರು. ಕನ್ನಡಿಗರಿಗೆ ಈ ವಾದ ಸುಲಭವಾಗಿ ಅರ್ಥವಾದೀತು. ಅಂಬೆಗಾಲಿಡುವ ಮಗುವಿಗೂ ಅರವತ್ತರ ಮಗನಿಗೂ 'ಅಪ್ಪ' ಒಂದೇ. ಅದರಲ್ಲಿ ಸಲುಗೆಯೂ ಇದೆ, ಗೌರವವೂ ಇದೆ.

'ಅಬ್ಬಾ' ಅಲ್ಲಿಗೇ ನಿಲ್ಲಲಿಲ್ಲ. ಲ್ಯಾಟಿನ್ನಿನಲ್ಲಿ 'ಅಬ್ಬಾಸ್' ಆಗಿ ಮಠಾಧಿಪತಿಗಳ ಹೆಸರಾಯಿತು. ಫ್ರೆಂಚರಲ್ಲಿ ಗುರುಗಳ ಬಿರುದಾದ 'ಅಬೆ'ಯಾಯಿತು. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಅಬೆ ದುಬುವಾ ಅವರ ಬಿರುದೂ ಅದೇ. ಅತ್ತಿಮಬ್ಬೆಯ ಈ ನಾಡಿನಲ್ಲಿ 'ಅಬ್ಬೆ' ಎಂದರೆ ತಾಯಿ. ಜನರು ಮಾತ್ರ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು.